ಅಮ್ಮನ ಎಣ್ಣೆ, ಡಾಟ್ ಬೇಬಿ

ಎಣ್ಣೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಕೂಡಲೇ ಮೊಬೈಲ್ ತೆಗೆದು ಹುಡುಕುತ್ತೀರಿ. ಹುಡುಕಿದರೆ ಮೊದಲು ಸಿಗುವುದು ನನ್ನ ಅಮ್ಮ ಕೈಮುಗಿದು ನಿಂತಿರುವ ವಿಡಿಯೊ. ಅದನ್ನು ನೋಡಿದವರು ಈಗಾಗಲೇ ಬೇಕಾದಷ್ಟು ಮಂದಿ ಇದ್ದಾರೆ, ಇನ್ನೊಬ್ಬರು ನೋಡುವುದು ನನಗೆ ಬೇಡ.

ಅಮ್ಮ ಬಂಟ್ವಾಳದ ಆಸುಪಾಸಿನ ಮನೆಗಳಲ್ಲಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ಮೀಯಿಸುತ್ತ ಬಂದವಳು. ಬಚ್ಚಲಿನಲ್ಲಿ ಎರಡೂ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಕವುಚಿ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಅತ್ತತ್ತು ಕೆಂಪಾದ ಮಗುವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ತಾಯಿಯ ಕೈಗೆ ಕೊಡುವವರೆಗೆ ಆ ಮನೆಯಲ್ಲಿ ಅವಳದೇ ಕಾರುಬಾರು. ಎಷ್ಟು ದೊಡ್ಡ ಯಜಮಾನನಾದರೂ ಆ ಹೊತ್ತಿನಲ್ಲಿ ಬಚ್ಚಲಿನ ಕಡೆ ಸುಳಿಯುವ ಹಾಗಿರಲಿಲ್ಲ. ಎಣ್ಣೆಯನ್ನೂ ಅವಳೇ ಮಾಡುತ್ತಿದ್ದಳು. ತೆಂಗಿನಹಾಲನ್ನು ಕಾಯಿಸಿ ತೆಗೆದ ಎಣ್ಣೆ, ಅದಕ್ಕೆ ಗರಿಕೆಯ ರಸ, ಇನ್ನೆರಡು ಸೊಪ್ಪು. ಜನ ಅದನ್ನು ಅವಳ ಹೆಸರಿನಿಂದಲೇ ಕರೆದರು. ಆ ಹೆಸರನ್ನು ನಾವು ಇಟ್ಟದ್ದಲ್ಲ. ಮಿಂದ ಮಕ್ಕಳ ಅಜ್ಜಿಯಂದಿರು ಇಟ್ಟದ್ದು.

ಎಣ್ಣೆ ಕೊಡುವುದಕ್ಕೆ ಅಮ್ಮನದು ಒಂದು ಕ್ರಮ. ಮಗುವಿನ ವಿಷಯ ಕೇಳದೆ ಯಾರಿಗೂ ಕೊಡುವುದಿಲ್ಲ. ಹುಟ್ಟಿ ಎಷ್ಟು ದಿನ ಆಯಿತು, ತಿಂಗಳು ತುಂಬಿ ಹುಟ್ಟಿದ್ದಾ, ಹೊಕ್ಕುಳು ಬಿದ್ದಿದೆಯಾ, ಮೈಮೇಲೆ ಬೊಕ್ಕೆ ಇದೆಯಾ, ಡಾಕ್ಟರು ಏನು ಹೇಳಿದ್ದಾರೆ? ಉತ್ತರ ಅವಳ ಮನಸ್ಸಿಗೆ ಒಪ್ಪದಿದ್ದರೆ ಈಗ ಬೇಡ, ಹದಿನೈದು ದಿನ ಬಿಟ್ಟು ಫೋನ್ ಮಾಡಿ ಎನ್ನುತ್ತಿದ್ದಳು. ಗಲ್ಫಿನಲ್ಲಿರುವ ಒಬ್ಬರು ಒಮ್ಮೆ ಆರು ಬಾಟಲಿ ಕಳಿಸಿಕೊಡಿ ಎಂದಾಗ ಅಮ್ಮ ಫೋನಿನಲ್ಲಿ ಕೇಳಿದ್ದಳು, “ಆರು ಮಕ್ಕಳುಂಟಾ ನಿಮಗೆ?” ಕಳಿಸಿದ್ದು ಒಂದೇ ಬಾಟಲಿ. ಇಂಥವರ ಜೊತೆ ವ್ಯಾಪಾರ ಮಾಡುವವರು ಹೇಗೆ ಉದ್ಧಾರವಾಗಬೇಕು ಎಂದು ನಾನು ಆಗ ನಗುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಟಿವಿ ನೋಡುವ ಜಾಯಮಾನ ನನ್ನದಲ್ಲ. ಅಮ್ಮನಿಗೂ ಮನೆಮನೆ ತಿರುಗುವಷ್ಟು ಕಾಲಿನ ಶಕ್ತಿ ಉಳಿದಿರಲಿಲ್ಲ, ಹತ್ತಿರದ ಎರಡು ಮೂರು ಮನೆಗಳಿಗೆ ಮಾತ್ರ ಹೋಗುತ್ತಿದ್ದಳು. ಹಾಗಾಗಿ ಮನೆಯ ಹಿಂದೆ ಒಂದು ಶೆಡ್ ಕಟ್ಟಿಸಿ, ಲೈಸನ್ಸ್ ಮಾಡಿಸಿ, ಬಾಟಲಿ ತರಿಸಿ, ಲೇಬಲ್ ಅಚ್ಚು ಹಾಕಿಸಿ ಎಣ್ಣೆಯ ಕೆಲಸವನ್ನು ಒಂದು ಹದಕ್ಕೆ ತಂದೆ. ಲೇಬಲ್ಲಿನಲ್ಲಿ ತಯಾರಿಸಿದ ತಾರೀಕನ್ನು ಅಮ್ಮನೇ ಪೆನ್ನಿನಲ್ಲಿ ಬರೆಯುತ್ತಿದ್ದಳು. ಮುದ್ರೆ ಒತ್ತಬಹುದಲ್ಲ ಎಂದರೆ ಒಪ್ಪಲಿಲ್ಲ.

ವೆಬ್‌ಸೈಟ್ ಮಾಡಿಸಲು ಮೂಡುಬಿದಿರೆಗೆ ಹೋದೆವು. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ, ಕಾಲೇಜು ಮಕ್ಕಳು ಗಿಜಿಗುಟ್ಟುವ ಒಂದು ಜ್ಯೂಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನದೇ ಹಳೆಯ ವಿದ್ಯಾರ್ಥಿಯೊಬ್ಬನ ಆಫೀಸಿದೆ. ಈಗ ಅವನಿಗೂ ತಲೆ ಅರ್ಧ ಬೆಳ್ಳಗಾಗಿದೆ. ಅವನು ನಮ್ಮಿಬ್ಬರಿಗೂ ಜ್ಯೂಸ್ ತರಿಸಿ, ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ಕೇಳಿದ, “ಇಲ್ಲಿ ಕೊಳ್ಳುವ ಬಟನ್ ಹಾಕುವನಾ ಟೀಚರ್? ಒತ್ತಿದರೆ ಆರ್ಡರ್ ಬರ್ತದೆ. ನೀವು ಕೊರಿಯರ್ ಮಾಡಿದರಾಯ್ತು.”

ಅಮ್ಮ ಜ್ಯೂಸಿನ ಲೋಟ ಕೆಳಗಿಟ್ಟಳು. “ಒತ್ತಿದ ಕೂಡ್ಲೆ ಎಣ್ಣೆ ಹೋಗುದಾದ್ರೆ ಮಗುವಿನ ವಿಷಯ ಕೇಳುದು ಯಾರು?”

“ಅದು ಬೇಕಾದ್ರೆ ಒಂದು ಫಾರಂ ಇಡುವ ಅಜ್ಜಿ.”

“ಫಾರಮಿಗೆ ಸುಳ್ಳು ಹೇಳಿದ್ದು ಗೊತ್ತಾಗ್ತದಾ? ನನಗೆ ಸ್ವರ ಕೇಳಿದರೆ ಗೊತ್ತಾಗ್ತದೆ. ಬಟನ್ ಬೇಡ. ಫೋನ್ ನಂಬ್ರ ಹಾಕು.”

ಹಾಗೆ ನಮ್ಮ ವೆಬ್‌ಸೈಟಿನಲ್ಲಿ ಎಲ್ಲವೂ ಇತ್ತು, ಕೊಳ್ಳುವ ದಾರಿಯೊಂದು ಇರಲಿಲ್ಲ. ಅಮ್ಮನ ಕೈಗಳ ಫೋಟೊ ಇತ್ತು, ಅಂಗೈಯಲ್ಲಿ ಎಣ್ಣೆ ಹೊಯ್ದುಕೊಂಡದ್ದು. ಅವಳ ಕೆಲಸದ ಬಗ್ಗೆ ನಾನೇ ಬರೆದ ಎರಡು ಪ್ಯಾರಾ ಇತ್ತು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಮಗುವಿನ ವಿಷಯ ಕೇಳದೆ ನಾವು ಎಣ್ಣೆ ಕೊಡುವುದಿಲ್ಲ’ ಎಂದಿತ್ತು, ಆಮೇಲೆ ಫೋನ್ ನಂಬರು.

ಹೊರಡುವ ಮೊದಲು ಅವನು ಇನ್ನೊಂದು ಮಾತು ಹೇಳಿದ.

“ವೆಬ್‌ಸೈಟಿನ ಹೆಸರಿನ ಕೊನೆಗೆ ಹಾಕ್ಲಿಕ್ಕೆ ಹಿಂದೆ ಡಾಟ್ ಕಾಮ್, ಡಾಟ್ ಇನ್ ಅಂತ ನಾಲ್ಕೈದು ಇದ್ದದ್ದು ಟೀಚರ್. ಈಗ ನೂರಾರು ಉಂಟು. ಡಾಟ್ ಶಾಪ್, ಡಾಟ್ ಸ್ಟೋರ್, ಡಾಟ್ ಕೇರ್. ಡಾಟ್ ಬೇಬಿ ಅಂತ ಸಹ ಉಂಟು. ನಿಮ್ಮದು ಮಕ್ಕಳ ಎಣ್ಣೆ ಅಲ್ವಾ, ಅದೊಂದು ತೆಗೆದಿಡುವ.”

“ಡಾಟ್ ಇನ್ ಸಾಕು. ನಮ್ಮ ಹೆಸರನ್ನು ನಾವೇ ಎಷ್ಟು ಸಲ ಕ್ರಯಕ್ಕೆ ತೆಗೊಳ್ಳುದು ಮಾರಾಯ?”

“ನೀವು ತೆಗೊಳ್ಳದಿದ್ರೆ ಬೇರೆಯವರು ತೆಗೊಳ್ತಾರೆ ಟೀಚರ್.”

“ತೆಗೊಂಡು ಎಂತ ಮಾಡ್ತಾರೆ? ಎಣ್ಣೆ ಮಾಡ್ಲಿಕ್ಕೆ ಬರ್ತದಾ ಅವರಿಗೆ?”

ಅವನು ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡ. ಎಂಟನೇ ಕ್ಲಾಸಿನಲ್ಲಿ ಲಾಭ-ನಷ್ಟದ ಲೆಕ್ಕ ತಪ್ಪಿಸಿ ನನ್ನಿಂದ ಬೈಸಿಕೊಂಡವನು ಈಗ ನನಗೆ ವ್ಯಾಪಾರ ಹೇಳಿಕೊಡುವುದೇ ಎಂಬ ಕೊಬ್ಬು ನನಗೆ. ಅದು ಕೊಬ್ಬೇ ಹೌದು, ಬೇರೆ ಹೆಸರು ಕೊಟ್ಟು ಅದನ್ನು ಚೆಂದ ಮಾಡುವುದಿಲ್ಲ.

ಆದರೆ ನನ್ನ ಕೊಬ್ಬನ್ನು ಒಪ್ಪಿಕೊಂಡ ಮೇಲೂ ಈ ವ್ಯವಸ್ಥೆಯನ್ನು ನೆನೆದರೆ ಮೈ ಉರಿಯುತ್ತದೆ. ನಮ್ಮ ಪೇಟೆ ಬಿ.ಸಿ. ರೋಡಿನಲ್ಲಿ ನನ್ನದೊಂದು ಅಂಗಡಿ ಇದ್ದು, ಅದರ ಎದುರು ಯಾರಾದರೂ ನನ್ನದೇ ಬೋರ್ಡು ಬರೆಸಿ ಕೂತರೆ ಮಧ್ಯಾಹ್ನದೊಳಗೆ ನಾಲ್ಕು ಜನ ಸೇರಿ ಅವನ ಕುತ್ತಿಗೆಪಟ್ಟಿ ಹಿಡಿಯುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಎಲ್ಲೋ ಕೂತ ದೊಡ್ಡವರು ಡಾಟ್ ಶಾಪ್, ಡಾಟ್ ಬೇಬಿ ಎಂದು ಬೀದಿಗಳನ್ನೇ ಹೊಸತಾಗಿ ಹಾಕುತ್ತ ಹೋಗುತ್ತಾರೆ. ಒಂದೊಂದು ಬೀದಿ ಹಾಕಿದಾಗಲೂ, ಈ ಬೀದಿಯಲ್ಲಿ ನಿನ್ನ ಹೆಸರನ್ನು ನೀನು ಕೊಳ್ಳುತ್ತೀಯೋ, ಇಲ್ಲ ಬೇರೆಯವರಿಗೆ ಮಾರಲೋ ಎನ್ನುತ್ತಾರೆ. ವರ್ಷ ವರ್ಷವೂ ಕಟ್ಟಬೇಕು. ಸಿನಿಮಾದಲ್ಲಿ ರೌಡಿಗಳು ಅಂಗಡಿ ಅಂಗಡಿಗೆ ಹೋಗಿ ಕೇಳಿದರೆ ಅದಕ್ಕೆ ಹಫ್ತಾ ಅನ್ನುತ್ತಾರೆ, ಕಂಪ್ಯೂಟರಿನಲ್ಲಿ ಕೇಳಿದರೆ ಸೌಲಭ್ಯ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡ ದೊಡ್ಡ ಕಂಪನಿಗಳನ್ನು ಹೊಸ ಬೀದಿ ತೆರೆಯುವ ಮೊದಲೇ ಕರೆದು, ನಿಮಗೆ ಬೇಕಾ ಎಂದು ಕೇಳುವ ಕ್ರಮ ಇದೆಯಂತೆ. ಬಂಟ್ವಾಳದಲ್ಲಿ ಮಕ್ಕಳನ್ನು ಮೀಯಿಸುವ ಹೆಂಗಸನ್ನು ಯಾರು ಕೇಳುತ್ತಾರೆ?

ಎರಡು ಮೂರು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಮದುವೆಯ ಊಟದ ಸಾಲಿನಲ್ಲಿ ಪರಿಚಯದ ಹೆಂಗಸೊಬ್ಬರು, “ಅಂತೂ ನೀವು ಸಹ ಬಟನ್ ಹಾಕಿದ್ರಲ್ಲ, ಒಳ್ಳೆದಾಯ್ತು” ಎಂದರು. ಏನೋ ಬೇರೆಯವರದ್ದು ನೋಡಿ ಹೇಳುತ್ತಿದ್ದಾರೆ ಎಂದುಕೊಂಡು ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಮತ್ತೊಬ್ಬರು ಫೋನಿನಲ್ಲಿ, “ಪ್ಯಾಕಿಂಗ್ ಈಗ ಲಾಯ್ಕ ಉಂಟು” ಎಂದರು. ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡೆ. ಹೊಗಳಿಕೆಗೆ ಯಾರಾದರೂ ಮರುಪ್ರಶ್ನೆ ಕೇಳುತ್ತಾರೆಯೇ?

ಒಂದು ದಿನ ಬೆಳಿಗ್ಗೆ ಬೆಳ್ತಂಗಡಿಯಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ಬಂದು ನಮ್ಮ ಅಂಗಳದಲ್ಲಿ ನಿಂತರು. ಅಮ್ಮನಿಗೆ ಹಳೆಯ ಗುರುತು. ಅವರ ಮಗಳು ಇಲ್ಲೇ ಹತ್ತಿರದ ಅವರ ತವರಿನಲ್ಲಿ ಹುಟ್ಟಿದಾಗ ನಲವತ್ತು ದಿನ ಮೀಯಿಸಿದ್ದು ಅಮ್ಮನೇ. ಈಗ ಆ ಮಗಳಿಗೇ ಹೆರಿಗೆಯಾಗಿ ಒಂದೂವರೆ ತಿಂಗಳು. ನಾನು ಕ್ರಮದಂತೆ ಬೆಲ್ಲ ನೀರು ತಂದಿಟ್ಟೆ. ಅವರು ಮುಟ್ಟಲಿಲ್ಲ, ಮೆಟ್ಟಿಲೂ ಹತ್ತಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಒಂದು ಬಾಟಲಿ ತೆಗೆದು ಜಗಲಿಯ ಮೇಲೆ ಇಟ್ಟರು.

“ನಿಮ್ಮ ಎಣ್ಣೆ. ಮೈಗೆ ಹಚ್ಚಿ ಮೀಯಿಸಿದ್ದು. ಮಗು ಮೈಯೆಲ್ಲ ಕೆಂಪಾಗಿ, ಮಂಪರು ಬಂದ ಹಾಗೆ ಆಗಿ, ಉಸಿರೇ ಸರಿ ಇಲ್ಲ. ಮೂರು ದಿನ ಆಸ್ಪತ್ರೆಯಲ್ಲಿ ಇದ್ದೆವು. ಡಾಕ್ಟ್ರು ಮೂಸಿ ನೋಡಿ, ಇದರಲ್ಲಿ ಕರ್ಪೂರ ಉಂಟು, ಇಷ್ಟು ಸಣ್ಣ ಮಗುವಿಗೆ ಯಾರಾದ್ರೂ ಹಚ್ತಾರಾ ಅಂತ ನನಗೇ ಬೈದ್ರು.”

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಲೇಬಲ್ಲಿನ ಬಣ್ಣ ನಮ್ಮದು, ಹೆಸರು ನಮ್ಮದು, ಅಮ್ಮನ ಕೈಗಳ ಫೋಟೊ ನಮ್ಮದು. ತಾರೀಕು ಮಾತ್ರ ಅಚ್ಚಾದದ್ದು. “ಇದು ನಮ್ಮದಲ್ಲ!” ಎಂದು ನಾನು ಕೂಗಿದೆ. “ನೋಡಿ, ತಾರೀಕು ನೋಡಿ. ಇದು ನಮ್ಮದಲ್ಲವೇ ಅಲ್ಲ!”

ಅಮ್ಮ ಕೇಳಿದ್ದು ಬೇರೆ. “ಮಗು ಈಗ ಹೇಗುಂಟು?”

“ಈಗ ಪರವಾಗಿಲ್ಲ. ಹಾಲು ಕುಡೀತದೆ.”

ನಾನು ಮೊದಲು ಬಾಟಲಿಯನ್ನು ನೋಡಿದೆ, ಅವಳು ಮೊದಲು ಮಗುವನ್ನು ಕೇಳಿದಳು. ಆ ಹೆಂಗಸು ನಮ್ಮಿಬ್ಬರ ಮುಖವನ್ನೂ ನೋಡಿದರು. ಈ ಒಂದು ವಿಷಯಕ್ಕೆ ನನ್ನ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ಅಮ್ಮ ಬಾಟಲಿ ಬಿಚ್ಚಿ ಮೂಸಿ, ಎರಡು ಬೆರಳಿನ ನಡುವೆ ತಿಕ್ಕಿ ನೋಡಿ, “ಇದು ತೆಂಗಿನೆಣ್ಣೆಯೇ ಅಲ್ಲ” ಎಂದಳು. ಎಲ್ಲಿಂದ ತರಿಸಿದಿರಿ ಎಂದು ನಾನು ಕೇಳಿದ್ದಕ್ಕೆ ಅವರು ಮೊಬೈಲ್ ಕೊಟ್ಟರು. ನಮ್ಮದೇ ಹೆಸರು, ಕೊನೆಗೆ ಡಾಟ್ ಬೇಬಿ. ತೆರೆದು ನೋಡಿದರೆ ನಾನು ಬರೆದ ಎರಡು ಪ್ಯಾರಾ ಅಕ್ಷರ ಬಿಡದೆ ಅಲ್ಲಿತ್ತು. ‘ಮಗುವಿನ ವಿಷಯ ಕೇಳದೆ ನಾವು ಎಣ್ಣೆ ಕೊಡುವುದಿಲ್ಲ’ ಎಂಬ ಸಾಲನ್ನೂ ಕದ್ದಿದ್ದರು. ಸರಿಯಾಗಿ ಅದರ ಕೆಳಗೆ ಕಿತ್ತಳೆ ಬಣ್ಣದ ದೊಡ್ಡ ಬಟನ್: ಈಗಲೇ ಕೊಳ್ಳಿ. ಕದಿಯುವವನಿಗೆ ಕದ್ದದ್ದನ್ನು ಒಮ್ಮೆ ಓದುವಷ್ಟಾದರೂ ಮಾನ ಮರ್ಯಾದೆ ಬೇಡವೇ? ಓದದೆಯೇ ಕದ್ದಿದ್ದ. ಅಥವಾ ಓದಿಯೂ, ಇವರು ಎಂಥ ಪೆದ್ದರು ಎಂದು ನಕ್ಕಿದ್ದ.

“ಬಟನ್ ಇರುದು ನೋಡಿ ಈಗ ನೀವು ಸುಲಭ ಮಾಡಿದ್ದೀರಿ ಅಂತ ಗ್ರಹಿಸಿದೆ,” ಎಂದರು ಆ ಹೆಂಗಸು. “ನಿಮ್ಮ ಹೆಸರು ನೋಡಿ ತೆಗೊಂಡದ್ದು. ಬೇರೆ ಎಂತ ನೋಡ್ಲಿಕ್ಕುಂಟು?”

ಅವರು ಹೋದ ಮೇಲೆ ನಾನು ಮೂಡುಬಿದಿರೆಗೆ ಫೋನ್ ಹಚ್ಚಿದೆ. ನನ್ನ ವಿದ್ಯಾರ್ಥಿ “ನಾನು ಅವತ್ತೇ ಹೇಳಿದ್ದೆ” ಎಂದು ಹೇಳಲಿಲ್ಲ. ಹೇಳಿದ್ದರೆ ನನಗೆ ಬೈಯಲಿಕ್ಕಾದರೂ ಒಬ್ಬ ಸಿಗುತ್ತಿದ್ದ. ಡಾಟ್ ಬೇಬಿ ತೆಗೆದವನ ಹೆಸರು, ಊರು ಎಲ್ಲ ಮುಚ್ಚಿಟ್ಟಿದೆ ಎಂದ. ಗೌಪ್ಯತೆಯ ನಿಯಮವಂತೆ. ಕದ್ದವನ ಹೆಸರು ಗೌಪ್ಯ, ಕಳೆದುಕೊಂಡವಳ ಹೆಸರು ಬಾಟಲಿಯ ಮೇಲೆ ಊರೂರು ತಿರುಗುತ್ತಿದೆ. ಪೊಲೀಸರಿಗೆ ದೂರು ಕೊಟ್ಟೆವು, ಬರೆದುಕೊಂಡರು. ನಾನು ವಾಟ್ಸಾಪಿನಲ್ಲಿ ಸಿಕ್ಕಿದ ಗ್ರೂಪಿಗೆಲ್ಲ ‘ಡಾಟ್ ಬೇಬಿ ನಮ್ಮದಲ್ಲ’ ಎಂದು ಹಾಕಿದೆ. ಓದಿದವರಲ್ಲಿ ಅರ್ಧ ಮಂದಿಗೆ ಡಾಟ್ ಎಂದರೆ ಏನು ಎಂದೇ ಗೊತ್ತಿಲ್ಲ. ಎಣ್ಣೆಯಲ್ಲಿ ಏನೋ ಆಗಿದೆಯಂತೆ ಎಂಬುದಷ್ಟೇ ಅವರ ತಲೆಯಲ್ಲಿ ಉಳಿಯಿತು.

ಅಮ್ಮನಿಗೆ ಇದೆಲ್ಲ ಬೇಕಾಗಿರಲಿಲ್ಲ. ಮೂರನೇ ದಿನ ಅವಳು, “ನಾನೊಮ್ಮೆ ಬೆಳ್ತಂಗಡಿಗೆ ಹೋಗಿ ಮಗುವನ್ನು ನೋಡಿ ಬರ್ತೇನೆ. ಅವರ ದೈವಸ್ಥಾನದಲ್ಲಿ ಒಂದು ತಪ್ಪು ಕಾಣಿಕೆ ಹಾಕಿ ಬರ್ತೇನೆ” ಎಂದಳು.

ನಮ್ಮ ಕಡೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ಲೋಪಕ್ಕೆ ದೇವರ ಮುಂದೆ, ದೈವದ ಮುಂದೆ ನಾಣ್ಯವಿಟ್ಟು ಕೈಮುಗಿಯುವುದುಂಟು. ಅದೇ ತಪ್ಪು ಕಾಣಿಕೆ. ಮದುವೆ ಶುರು ಮಾಡುವ ಮೊದಲೂ ಇಡುತ್ತಾರೆ, ಮುಂದೆ ಏನಾದರೂ ತಪ್ಪಿದರೆ ಇರಲಿ ಎಂದು. ಇಟ್ಟವನು ತಪ್ಪು ಮಾಡಿದ್ದಾನೆ ಎಂದು ಅರ್ಥವಲ್ಲ. ಅದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಆದರೂ ನನಗೆ ಸಿಟ್ಟು ನೆತ್ತಿಗೇರಿತು.

“ಯಾರದ್ದೋ ತಪ್ಪಿಗೆ ನೀನು ಯಾಕೆ ಕಾಣಿಕೆ ಹಾಕುದು? ಹಾಕಿದರೆ ಜನ ಎಂತ ಹೇಳ್ತಾರೆ ಗೊತ್ತುಂಟಾ? ಅವಳೇ ಒಪ್ಪಿಕೊಂಡ್ಲು ಅಂತಾರೆ!”

“ಜನರಿಗಲ್ಲ ಹಾಕುದು.”

“ನೀನು ಮಾಡಿದ ಎಣ್ಣೆಯೇ ಅಲ್ಲ ಅದು!”

“ನನ್ನ ಹೆಸರು ನೋಡಿ ಅಲ್ವಾ ಆ ಮಗುವಿನ ಮೈಗೆ ಹಚ್ಚಿದ್ದು? ಅವಳ ಅಮ್ಮನನ್ನು ಮೀಯಿಸಿದ್ದು ಇದೇ ಕೈ. ಆ ನಂಬಿಕೆಯಿಂದ ಅಲ್ವಾ ಹಚ್ಚಿದ್ದು? ಹೆಸರು ನಂದು ಅಂತಾದ್ರೆ ಇದು ಸಹ ನಂದೇ. ನೀನು ಸುಮ್ಮನಿರು.”

“ಹೋದರೆ ನಾನು ಈ ಕೆಲಸವೇ ಬಿಡ್ತೇನೆ,” ಎಂದು ಹೆದರಿಸಿದೆ. ಮರುದಿನ ನಾನು ಏಳುವ ಮೊದಲೇ ಅವಳು ಮೊದಲ ಬಸ್ಸಿಗೆ ಹೋಗಿ ಆಗಿತ್ತು.

ಅವಳು ಮಗುವನ್ನು ಎತ್ತಿಕೊಂಡಳಂತೆ, ಮೈಯೆಲ್ಲ ನೋಡಿದಳಂತೆ. ಆ ಮನೆಯವರು ಊಟ ಹಾಕಿ ಕಳಿಸಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಆ ಮಗುವಿನ ಅಜ್ಜಿಗೂ ನಮಗೂ ಇವತ್ತಿಗೂ ಸರಿಯಾಗಿಯೇ ಇದೆ. ಆದರೆ ದೈವಸ್ಥಾನದಲ್ಲಿ ಅಮ್ಮ ಕೈಮುಗಿದು, “ನನ್ನ ಹೆಸರಿನಿಂದ ಈ ಮಗುವಿಗೆ ತೊಂದರೆ ಆಗಿದೆ, ಹೊಟ್ಟೆಗೆ ಹಾಕಿಕೊಳ್ಳಬೇಕು” ಎಂದು ಹೇಳಿದ್ದನ್ನು ಆ ಮನೆಗೆ ಬಂದಿದ್ದ ನೆಂಟನೊಬ್ಬ ಮೊಬೈಲಿನಲ್ಲಿ ಹಿಡಿದಿದ್ದ. ಸಂಜೆಯೊಳಗೆ ಅದು ಬೆಳ್ತಂಗಡಿ, ಉಜಿರೆ, ಬಂಟ್ವಾಳ ಎಲ್ಲ ಸುತ್ತಿ ನನ್ನ ಮೊಬೈಲಿಗೇ ಬಂತು. ಯಾರೋ ಮೇಲೆ ಬರೆದಿದ್ದರು: ‘ಮಕ್ಕಳ ಎಣ್ಣೆ ಅಜ್ಜಿ ತಪ್ಪು ಒಪ್ಪಿಕೊಂಡರು. ಎಲ್ಲರಿಗೂ ಕಳಿಸಿ.’

ಎಲ್ಲರೂ ಎಲ್ಲರಿಗೂ ಕಳಿಸಿದರು. ಕಳಿಸಿದವರಲ್ಲಿ ಅಮ್ಮನ ಕಾಲ ಮೇಲೆ ಮಿಂದು ಬೆಳೆದವರೂ ಇದ್ದರು. ತಪ್ಪು ಕಾಣಿಕೆ ಎಂದರೇನು ಎಂದು ಹುಟ್ಟಿದಂದಿನಿಂದ ಗೊತ್ತಿದ್ದವರು, ತಮ್ಮ ಮದುವೆಯಲ್ಲಿ, ಮನೆ ಒಕ್ಕಲಿನಲ್ಲಿ ತಾವೇ ಇಟ್ಟವರು, ಮೊಬೈಲಿನಲ್ಲಿ ನೋಡಿದ ಕೂಡಲೇ ಅದನ್ನು ಮರೆತರು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿದ ಹಾಗೆ ಆಯ್ತಲ್ಲ,” ಎಂದು ಒಬ್ಬರು ಪೇಟೆಯಲ್ಲಿ ನನಗೆ ಕೇಳುವಂತೆಯೇ ಹೇಳಿದರು. ನಾನು ಹಿಂತಿರುಗಿ, “ನಿಮ್ಮ ಹೆಗಲನ್ನೂ ಒಮ್ಮೆ ಮುಟ್ಟಿ ನೋಡಿಕೊಳ್ಳಿ, ನಿಮ್ಮ ಇಬ್ಬರು ಮಕ್ಕಳನ್ನೂ ಮೀಯಿಸಿದ್ದು ಅವಳೇ” ಎಂದೆ. ಅವರು ಮುಖ ತಿರುಗಿಸಿ ಹೋದರು. ಬೈದದ್ದರಿಂದ ಏನೂ ಲಾಭವಾಗಲಿಲ್ಲ, ಹೊಟ್ಟೆ ಸ್ವಲ್ಪ ತಣ್ಣಗಾಯಿತು ಅಷ್ಟೆ.

ಅಮ್ಮ ಆಗ ಹತ್ತಿರದ ಎರಡು ಮನೆಗಳಿಗೆ ಹೋಗುತ್ತಿದ್ದಳು. ಒಂದು ಮನೆಯವರು ಮಗುವಿಗೆ ಶೀತ, ನಾಳೆ ಬೇಡ ಎಂದರು. ಆ ಶೀತ ಗುಣವಾಗಲೇ ಇಲ್ಲ. ಇನ್ನೊಂದು ಮನೆಯವರು ಫೋನ್ ಎತ್ತುವುದನ್ನು ಬಿಟ್ಟರು. ಒಂದು ವಾರ ಅಮ್ಮ ಬೆಳಿಗ್ಗೆ ಬೇಗ ಮಿಂದು, ಸೆರಗು ಸಿಕ್ಕಿಸಿ, ಜಗಲಿಯಲ್ಲಿ ಕೂತಳು. ಎಂಟನೇ ದಿನ ಸೆರಗು ಸಿಕ್ಕಿಸಲಿಲ್ಲ. ಶೆಡ್ಡಿನಲ್ಲಿ ಎಣ್ಣೆ ಕಾಯಿಸುವುದನ್ನು ನಾನು ಬಿಡಲಿಲ್ಲ, ಹಟಕ್ಕೆ. ಫೋನ್ ಬರುವುದು ಅರ್ಧಕ್ಕರ್ಧ ನಿಂತಿತ್ತು. ಬಂದ ಫೋನನ್ನು ಅಮ್ಮನ ಕೈಗೆ ಕೊಟ್ಟರೆ, “ನೀನೇ ಕೇಳು” ಎನ್ನುತ್ತಿದ್ದಳು. ನನಗೆ ಸ್ವರ ಕೇಳಿದರೆ ಏನೂ ಗೊತ್ತಾಗುವುದಿಲ್ಲ.

ಬಿ.ಸಿ. ರೋಡಿನ ವಕೀಲರೊಬ್ಬರು ಇಂಥ ಕೆಲಸ ಗೊತ್ತಿರುವ ಮಂಗಳೂರಿನವರನ್ನು ತೋರಿಸಿದರು. ಹೀಗೆ ಕದ್ದ ಹೆಸರನ್ನು ಬಿಡಿಸಿಕೊಳ್ಳಲು ಕೋರ್ಟಿಗೇ ಹೋಗಬೇಕೆಂದಿಲ್ಲ, ಇಂಥ ತಕರಾರಿಗೆಂದೇ ಬೇರೆ ಪಂಚಾಯಿತಿಕೆ ಇದೆ. ಎಲ್ಲವೂ ಕಾಗದದಲ್ಲಿ, ಇಂಗ್ಲಿಷಿನಲ್ಲಿ. ಮಂಗಳೂರಿನ ಆ ವಕೀಲರು ಮೊದಲು ಕೇಳಿದ್ದು, ಟ್ರೇಡ್‌ಮಾರ್ಕ್ ಎಲ್ಲಿ ಎಂದು. ಇಲ್ಲ ಎಂದೆ. ಹಾಗಾದರೆ ಈ ಹೆಸರು ನಿಮ್ಮದೇ ಎಂಬುದಕ್ಕೆ ಏನಿದೆ? ಹೆತ್ತ ತಾಯಿಯ ಹೆಸರು ತಾಯಿಯದ್ದೇ ಎಂದು ಸಾಬೀತು ಮಾಡಲು ನಾನು ಹಳೆಯ ಲೇಬಲ್, ಬಿಲ್ಲು, ಪತ್ರಿಕೆಯ ತುಂಡು, ಜನರ ಪತ್ರ ಎಲ್ಲ ಹೆಕ್ಕಿ ಎರಡು ಫೈಲು ಮಾಡಿದೆ. ಟ್ರೇಡ್‌ಮಾರ್ಕಿಗೂ ಅರ್ಜಿ ಹಾಕಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ವಕೀಲರೇ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಕೆಲವು ವಾರ ಕಳೆದು ಆ ಕಡೆಯವರ ಉತ್ತರ ಬಂತು. ಯಾವುದೋ ದೊಡ್ಡ ಊರಿನ ಪೆಟ್ಟಿಗೆ ನಂಬರಿನ ವಿಳಾಸ, ಒಂದು ಕಂಪನಿಯ ಹೆಸರು, ಮುಖವೇ ಇಲ್ಲ. ಈ ಹೆಸರು ಊರಿನಲ್ಲಿ ಯಾರು ಬೇಕಾದರೂ ಬಳಸುವ ಸಾಮಾನ್ಯ ಹೆಸರು, ಇವರದ್ದೇನೂ ಅಲ್ಲ ಎಂಬುದು ಮೊದಲನೇ ವಾದ. ಎರಡನೆಯದನ್ನು ವಕೀಲರು ಕನ್ನಡದಲ್ಲಿ ಹೇಳುವಾಗ ನನ್ನ ಮುಖ ನೋಡಲಿಲ್ಲ. ತಮ್ಮ ಎಣ್ಣೆಯಲ್ಲಿ ಯಾವ ದೋಷವೂ ಇಲ್ಲ, ದೋಷವಿರುವುದು ಇವರ ಎಣ್ಣೆಯಲ್ಲಿ. ಒಂದು ಮಗು ಆಸ್ಪತ್ರೆ ಸೇರಿದ್ದಕ್ಕೆ ಈ ಹೆಂಗಸು ದೇವಸ್ಥಾನದಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದಾಳೆ. ಸಾಕ್ಷಿಗೆ ವಿಡಿಯೊ ಲಗತ್ತಿಸಿದೆ.

ನಾನು ಅಲ್ಲಿಯೇ ಎದ್ದುನಿಂತೆ. ಯಾರಿಗೆ ಹೊಡೆಯಬೇಕು ಎಂದು ಗೊತ್ತಾಗದ ಸಿಟ್ಟು ಎಂಥದ್ದು ಎಂದು ಅವತ್ತು ತಿಳಿಯಿತು. ಅವನ ವಿಷಕ್ಕೆ ಅಮ್ಮ ಕೈಮುಗಿದಳು. ಮುಗಿದ ಕೈಯನ್ನೇ ಹಿಡಿದು ಅವನು ಅಮ್ಮನ ಕೆನ್ನೆಗೆ ಹೊಡೆದ. ಮನೆಗೆ ಬಂದು ಆ ಸಿಟ್ಟನ್ನೆಲ್ಲ ಅಮ್ಮನ ಮೇಲೆ ಸುರಿದೆ. “ನಿನ್ನ ಕಾಣಿಕೆಯಿಂದ ಎಂತ ಆಯ್ತು ನೋಡು. ನೀನು ಹೋಗದಿದ್ರೆ ನಾವು ಇಷ್ಟರಲ್ಲಿ ಗೆಲ್ತಿದ್ದೆವು!” ಎಂದೆ. ಅವಳು ಗರಿಕೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. “ಮಗುವನ್ನು ನೋಡದೆ ಹೇಗೆ ಇರುದು?” ಎಂದಳು.

ಮಗುವಿನ ಅಜ್ಜಿ ನಮ್ಮ ಪರವಾಗಿ ಒಂದು ಹೇಳಿಕೆ ಬರೆದುಕೊಟ್ಟರು. ಬಾಟಲಿ ಡಾಟ್ ಬೇಬಿಯಿಂದ ಬಂದದ್ದು, ರಶೀದಿ ಇದೆ, ಕಾಣಿಕೆ ನಮ್ಮ ಕಡೆಯ ಪದ್ಧತಿ ಎಂದು. ನಾನೂ ತಪ್ಪು ಕಾಣಿಕೆಯ ಬಗ್ಗೆ ಒಂದು ಪುಟ ಬರೆದೆ. ಎಂದೂ ಈ ಕಡೆ ಕಾಲಿಡದ ಯಾರೋ ಪಂಚರಿಗೆ, ನಮ್ಮವರೇ ಮರೆತದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಅದನ್ನು ಓದಿ ಅರ್ಥ ಮಾಡಿಕೊಂಡರು ಎಂಬುದು ಈ ಕತೆಯಲ್ಲಿ ನನಗೆ ಆಶ್ಚರ್ಯವಾದ ಒಂದೇ ಒಂದು ಸಂಗತಿ.

ಗೆದ್ದೆವು. ಮೂಡುಬಿದಿರೆಯಿಂದ ನನ್ನ ವಿದ್ಯಾರ್ಥಿ ಫೋನ್ ಮಾಡಿದ. “ಟೀಚರ್, ಬಂತು. ಡಾಟ್ ಬೇಬಿ ಈಗ ನಿಮ್ಮದು. ಎಂತ ಹಾಕುವ ಅದರಲ್ಲಿ?”

ಏನು ಹಾಕುವುದೆಂದು ನನಗೂ ಗೊತ್ತಿರಲಿಲ್ಲ. ತೀರ್ಪೆಂದರೆ ಹೆಸರು ನಮ್ಮ ಕೈಗೆ ಬಂತು, ಅಷ್ಟೆ. ಮಾಡಿದವನಿಗೆ ಶಿಕ್ಷೆಯಿಲ್ಲ, ದಂಡವಿಲ್ಲ. ವಿಡಿಯೊ ಹಂಚಿದವರು ತೀರ್ಪನ್ನು ಹಂಚಲಿಲ್ಲ. ನಾನು ಗ್ರೂಪುಗಳಿಗೆ ಹಾಕಿದೆ. ಮೂವರು ಕೈಮುಗಿದ ಚಿತ್ರ ಹಾಕಿದರು, ಒಬ್ಬರು ಅದರ ಕೆಳಗೇ ಬಾಡಿಗೆಗೆ ಮನೆ ಇದೆ ಎಂದು ಹಾಕಿದರು.

ತೀರ್ಪು ಬಂದ ತಿಂಗಳೇ, ಮದುವೆಯಾಗಿ ಹೋಗಿದ್ದ ನನ್ನ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಬಾಣಂತನಕ್ಕೆ ನಮ್ಮಲ್ಲಿಗೇ ಬಂದಳು. ಅಮ್ಮ ಒಂದು ವರ್ಷದಿಂದ ಯಾವ ಮಗುವನ್ನೂ ಮುಟ್ಟಿರಲಿಲ್ಲ. ಹೊಕ್ಕುಳು ಬಿದ್ದು, ಡಾಕ್ಟರು ಎಣ್ಣೆ ಹಚ್ಚಬಹುದು ಎಂದ ಮೇಲೆ ಒಂದು ಬೆಳಿಗ್ಗೆ ಅವಳು ತಾನಾಗಿಯೇ ಬಚ್ಚಲಿನ ಒಲೆಗೆ ಬೆಂಕಿ ಹಾಕಿದಳು. ಸೆರಗು ಸಿಕ್ಕಿಸಿದಳು. ಮೊಣಕಾಲು ನೋವಿದ್ದರೂ ಗೋಡೆ ಹಿಡಿದು ಕೆಳಗೆ ಕೂತು ಕಾಲು ಚಾಚಿದಳು. ಮಗಳು ಮಗುವನ್ನು ತಂದು ಅವಳ ಕಾಲ ಮೇಲೆ ಮಲಗಿಸಿ ಬಾಗಿಲಲ್ಲಿ ನಿಂತಳು. ಅಮ್ಮ ಮಗುವಿನ ಬೆನ್ನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಅಂಗೈಯನ್ನು ನನ್ನ ಕಡೆ ಚಾಚಿದಳು.

ಎಣ್ಣೆಯ ಬಾಟಲಿ ನನ್ನ ಕೈಯಲ್ಲಿತ್ತು. ಹಿಂದಿನ ದಿನ ನಾನೇ ಕಾಯಿಸಿ, ನಾನೇ ಸೋಸಿ, ನಾನೇ ತುಂಬಿದ್ದು. ತಾರೀಕು ಅಮ್ಮ ಬರೆದದ್ದು. ಮುಚ್ಚಳ ತೆಗೆದೆ. ಅವಳ ಅಂಗೈಗೆ ಹೊಯ್ಯುವ ಬದಲು ಬಾಟಲಿಯನ್ನು ಮೂಗಿನ ಹತ್ತಿರ ತಂದು ಮೂಸಿದೆ.

ಯಾಕೆ ಮೂಸಿದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದು ಸುಳ್ಳು. ಗೊತ್ತಿದೆ.

ಅಮ್ಮ ನೋಡಿದಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಚಾಚಿದ್ದ ಅಂಗೈಯನ್ನು ಹಿಂದಕ್ಕೆ ತೆಗೆದುಕೊಂಡು, ಅದರಲ್ಲಿ ಇನ್ನೂ ಏನೂ ಇರದಿದ್ದರೂ ಸೆರಗಿಗೆ ಒರೆಸಿಕೊಂಡಳು.

“ನೀನೇ ಮೀಯಿಸು,” ಎಂದು ಮಗುವನ್ನು ಎತ್ತಿ ನನ್ನ ಕಡೆ ಹಿಡಿದಳು. “ಎಣ್ಣೆ ಇವತ್ತು ಬೇಡ.”

ನಾನು ಮೀಯಿಸಿದೆ, ಬರೀ ಬಿಸಿನೀರಿನಲ್ಲಿ. ನನಗೆ ಮಗುವನ್ನು ಹಿಡಿಯಲು ಸರಿಯಾಗಿ ಬರಲಿಲ್ಲ. ಅದು ತುಂಬಾ ಅತ್ತಿತು.